ಬಿಜೈಗೆ ಬೇಕು ಒಂದು ಗದ್ದಲದ ಭಾನುವಾರ

2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ ಸಿ. ಅಶ್ವಥ್ ಅವರ ‘ಕನ್ನಡವೇ ಸತ್ಯ’ ಕಾರ್ಯಕ್ರಮವನ್ನು ಕನ್ನಡಿಗರು ಇವತ್ತಿಗೂ ನೆನೆಯುತ್ತಾರೆ. ಭಾವಗೀತೆ ಕೇಳಲು ಇಷ್ಟು ಜನ ಬರುತ್ತಾರೆಯೇ ಎಂಬ ಬೆರಗು ಆ ನೆನಪಿನೊಂದಿಗೆ ಅಂಟಿಕೊಂಡಿದೆ. ಅದಾಗಿ ಎರಡು ವರ್ಷಕ್ಕೆ, 2007ರ ಮಾರ್ಚ್ 17ರಂದು, ಅದೇ ಮೈದಾನಕ್ಕೆ ಇಂಗ್ಲೆಂಡಿನ ಐರನ್ ಮೇಡನ್ ಬಂತು. ಕಪ್ಪು ಟೀ ಶರ್ಟ್ ತೊಟ್ಟ ಹತ್ತಾರು ಸಾವಿರ ಮಂದಿ ಸೇರಿದರು. 2008ರಲ್ಲಿ ಮೆಗಾಡೆತ್ ಮತ್ತು ಮಶೀನ್ ಹೆಡ್, 2010ರಲ್ಲಿ ಲ್ಯಾಂಬ್ ಆಫ್ ಗಾಡ್, 2011ರ ಅಕ್ಟೋಬರ್ 30ರಂದು ಮೆಟಾಲಿಕಾ. ಮೆಟಾಲಿಕಾದ್ದೇ ದಿಲ್ಲಿ ಪಕ್ಕದ ಗುರುಗ್ರಾಮದ ಕಾರ್ಯಕ್ರಮ ಅದಕ್ಕೆ ಎರಡು ದಿನ ಮೊದಲು ರದ್ದಾಗಿತ್ತು, ಬೆಂಗಳೂರಿನದು ನಡೆಯಿತು. ಹೆವಿ ಮೆಟಲ್ ಎಂಬ ಸಂಗೀತಕ್ಕೆ ಕರ್ನಾಟಕ ಭಾರತದ ಬಾಗಿಲಾದದ್ದು ಹೀಗೆ. ಮಂಗಳೂರಿನ ಕೇಳುಗರಿಗೆ ಇವೆಲ್ಲ ರಾತ್ರಿ ಬಸ್ಸಿನ ಕಾರ್ಯಕ್ರಮಗಳು: ನಗರದ ಬಿಜೈ ಬಡಾವಣೆಯ ಕೆಎಸ್ಆರ್‌ಟಿಸಿ ನಿಲ್ದಾಣದಲ್ಲಿ ಬಸ್ಸು ಹತ್ತಬೇಕು, ಶಿರಾಡಿ ಘಾಟಿ ಏರಬೇಕು, ಕೇಳಿ ಮುಗಿಸಿ ಮರಳಿ ಘಾಟಿ ಇಳಿಯಬೇಕು. ಈ ಬಗೆಯ ದೊಡ್ಡ ಕಾರ್ಯಕ್ರಮ ಒಂದು ಊರಿಗೆ ಕೇಳುಗರನ್ನು ಕೊಡಬಹುದು, ಸಂಗೀತಗಾರರನ್ನು ಕೊಡಲಾರದು ಎಂಬುದು ನನ್ನ ವಾದದ ಮೊದಲ ಭಾಗ. ಸಂಗೀತಗಾರರನ್ನು ಕೊಡುವುದು ನಾಲ್ಕೈದು ಬ್ಯಾಂಡ್‌ಗಳು ಒಂದೇ ವೇದಿಕೆ ಹಂಚಿಕೊಳ್ಳುವ, ಇನ್ನೂರು ಮಂದಿ ಹಿಡಿಸುವ ಸಣ್ಣ ಸಭಾಂಗಣದ ಕಾರ್ಯಕ್ರಮ. ಮಂಗಳೂರಿಗೆ ಅಂಥದ್ದೊಂದು ಬೇಕು; ಅದು ಭಾನುವಾರ ಮಧ್ಯಾಹ್ನ, ಮದ್ಯವಿಲ್ಲದೆ, ಎಲ್ಲ ವಯಸ್ಸಿನವರಿಗೂ ತೆರೆದು, ಬಿಜೈಯಲ್ಲಿ ನಡೆಯಬೇಕು. ಇದು ವಾದದ ಎರಡನೆಯ ಭಾಗ.

ಈ ಸಂಗೀತವನ್ನು ದೂರದಿಂದಷ್ಟೇ ಕೇಳಿದವರಿಗಾಗಿ ಸ್ವಲ್ಪ ಹಿನ್ನೆಲೆ ಹೇಳಬೇಕು. ಹೆವಿ ಮೆಟಲ್ ಹುಟ್ಟಿದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಕಾರ್ಮಿಕ ಕೇರಿಯಲ್ಲಿ. ಬ್ಲ್ಯಾಕ್ ಸಬ್ಬತ್ ಬ್ಯಾಂಡಿನ ಗಿಟಾರ್ ವಾದಕ ಟೋನಿ ಅಯೋಮಿ ಹದಿನೇಳರ ವಯಸ್ಸಿನಲ್ಲಿ ತಗಡು ಕತ್ತರಿಸುವ ಕಾರ್ಖಾನೆಯಲ್ಲಿ ಬಲಗೈಯ ಎರಡು ಬೆರಳ ತುದಿಗಳನ್ನು ಕಳೆದುಕೊಂಡರು. ಎಡಗೈ ವಾದಕರಾದ್ದರಿಂದ ತಂತಿ ಒತ್ತುವ ಕೈ ಅದೇ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಕವಚ ಮಾಡಿಕೊಂಡರು, ತೆಳು ತಂತಿ ಹಾಕಿದರು, ಮುಂದೆ ತಂತಿಗಳ ಬಿಗಿ ಸಡಿಲಿಸಿ ಶ್ರುತಿ ಇಳಿಸಿದರು. 1970ರ ಫೆಬ್ರುವರಿಯಲ್ಲಿ ಬಂದ ಅವರ ಮೊದಲ ಆಲ್ಬಂನಿಂದ ಇಂದಿನವರೆಗೆ ಈ ಪ್ರಕಾರದ ಗುರುತಾಗಿ ಉಳಿದಿರುವ ಆ ಭಾರವಾದ, ಕೆಳಸ್ಥಾಯಿಯ ನಾದದ ಹಿಂದೆ ಒಬ್ಬ ಕಾರ್ಮಿಕನ ಗಾಯವಿದೆ. ಇಂಥ ವೇದಿಕೆಯನ್ನು ಮೆಟಲ್ ಜೊತೆ ಹಂಚಿಕೊಳ್ಳುವ ಇನ್ನೊಂದು ಪ್ರಕಾರ ಹಾರ್ಡ್‌ಕೋರ್; ಅದು ಮೆಟಲ್‌ಗಿಂತ ಹತ್ತು ವರ್ಷ ಕಿರಿಯದು. 1980ರ ಸುಮಾರಿಗೆ ಅಮೆರಿಕದ ವಾಷಿಂಗ್ಟನ್, ನ್ಯೂಯಾರ್ಕ್, ಕ್ಯಾಲಿಫೋರ್ನಿಯಾದ ಹದಿಹರೆಯದವರು ಪಂಕ್ ಸಂಗೀತವನ್ನು ಇನ್ನಷ್ಟು ವೇಗಕ್ಕೆ ಒಯ್ದಾಗ ಹುಟ್ಟಿದ್ದು. ಮೆಟಲ್‌ನಲ್ಲಿ ಕೈಚಳಕಕ್ಕೆ ಬೆಲೆ, ಹಾಡುಗಳು ದೀರ್ಘ. ಹಾರ್ಡ್‌ಕೋರ್‌ನಲ್ಲಿ ಒಂದೆರಡು ನಿಮಿಷದಲ್ಲಿ ಹಾಡು ಮುಗಿಯುತ್ತದೆ; ಹಾಡುವವರ ಮೈಕು ಎದುರಿಗಿರುವವರ ಕೈಗೂ ಬರುತ್ತದೆ, ವೇದಿಕೆ ಮತ್ತು ನೆಲದ ನಡುವೆ ಅಂತರವೇ ಇರಬಾರದೆಂಬ ಹಟ ಅದಕ್ಕೆ. ಎಂಬತ್ತರ ದಶಕದ ನಡುವಿನಿಂದ ಎರಡೂ ಒಂದರೊಳಗೊಂದು ಬೆರೆತವು. ಹೀಗಾಗಿ ಎರಡೂ ಬಗೆಯ ಬ್ಯಾಂಡ್‌ಗಳು ಒಂದೇ ಸಂಜೆಗೆ ನುಡಿಸುವುದು ಈಗ ಲೋಕದೆಲ್ಲೆಡೆ ರೂಢಿ.

ಆ ರೂಢಿಯ ಒಳಗಿನ ವ್ಯವಸ್ಥೆಯನ್ನು ಗಮನಿಸಬೇಕು, ಏಕೆಂದರೆ ನನ್ನ ವಾದ ನಿಂತಿರುವುದೇ ಅದರ ಮೇಲೆ. ಐದು ಬ್ಯಾಂಡ್‌ಗಳಿಗೆ ತಲಾ ಅರ್ಧ ಗಂಟೆ. ಡ್ರಮ್ ಸೆಟ್ ಒಂದೇ, ಆಂಪ್‌ಗಳು ಅವೇ. ಪ್ರತಿ ಬ್ಯಾಂಡ್ ತನ್ನ ಗಿಟಾರು, ಪೆಡಲು, ಸಿಂಬಲ್ ಮಾತ್ರ ತರುತ್ತದೆ. ಬದಲಾಗಲು ಹದಿನೈದು ನಿಮಿಷ. ಮೊದಲು ನುಡಿಸುವವರು ಸಾಮಾನ್ಯವಾಗಿ ಊರಿನ ಹೊಸಬರು, ಕೊನೆಗೆ ನುಡಿಸುವವರು ಹೊರಗಿನಿಂದ ಬಂದ ಹೆಸರಾದವರು. ಹೆಸರಾದವರ ಕೇಳುಗರು ಹೊಸಬರನ್ನೂ ಕೇಳುತ್ತಾರೆ. ಹೊಸಬರು ನುಡಿಸಿ ಕೆಳಗಿಳಿದು ಎರಡು ಮಾರು ದೂರದಲ್ಲಿ ನಿಂತು ಹಿರಿಯ ಡ್ರಮ್ಮರ್‌ನ ಕಾಲು ಡಬಲ್ ಪೆಡಲ್ ಮೇಲೆ ಹೇಗೆ ಓಡುತ್ತದೆ ಎಂದು ನೋಡುತ್ತಾರೆ. ಗಂಟಲು ಕೆಡಿಸಿಕೊಳ್ಳದೆ ಗುಡುಗುವ ವಿದ್ಯೆಯನ್ನು, ಅಂದರೆ ಸ್ವರತಂತುಗಳ ಮೇಲಿರುವ ಮಡಿಕೆಗಳನ್ನು ಬಳಸಿ ಹಾಡುವ ಕ್ರಮವನ್ನು, ಇನ್ನೊಬ್ಬರು ಮಾಡುವುದನ್ನು ಹತ್ತಿರದಿಂದ ಕಂಡು ಕಲಿಯುತ್ತಾರೆ. ಅರಮನೆ ಮೈದಾನದಲ್ಲಿ ಬೇಲಿಯಾಚೆ ನಿಂತು ಪರದೆಯಲ್ಲಿ ನೋಡಿದವರಿಗೆ ಈ ಪಾಠ ಸಿಗುವುದಿಲ್ಲ. ಯಕ್ಷಗಾನದ ಹುಡುಗ ಪೂರ್ವರಂಗದ ಕೋಡಂಗಿಯಿಂದ ಶುರು ಮಾಡಿ ಹಂತ ಹಂತವಾಗಿ ಮೇಲೇರುವ ಕ್ರಮವನ್ನು ಬಲ್ಲ ಕರಾವಳಿಯವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಕಲೆ ಕಲಿಯುವುದು ಮೇಳದಲ್ಲಿ.

ಬೆಂಗಳೂರಿನ ಅನುಭವವೇ ಇದಕ್ಕೆ ಸಾಕ್ಷಿ. ಕ್ರಿಪ್ಟೋಸ್ ಬ್ಯಾಂಡ್ ಹುಟ್ಟಿದ್ದು 1998ರಲ್ಲಿ, ಐರನ್ ಮೇಡನ್ ಬರುವುದಕ್ಕೆ ಒಂಬತ್ತು ವರ್ಷ ಮೊದಲು. ಮೊದಲ ಆಲ್ಬಂ ‘ಸ್ಪೈರಲ್ ಅಸೆಂಟ್’ ಬಂದದ್ದು 2004ರಲ್ಲಿ. ಜರ್ಮನಿಯ ವಾಕೆನ್ ಉತ್ಸವದಲ್ಲಿ, ಮೆಟಲ್‌ನ ಅತಿ ದೊಡ್ಡ ಜಾತ್ರೆಯಲ್ಲಿ, ನುಡಿಸಿದ್ದು 2013ರಲ್ಲಿ. ಹದಿನೈದು ವರ್ಷಗಳ ಈ ದಾರಿಯಲ್ಲಿ ಬ್ಯಾಂಡ್ ಬದುಕಿದ್ದು ಕಾಲೇಜು ಉತ್ಸವ, ಪಬ್ಬಿನ ಮೂಲೆ, ಸಣ್ಣ ಹಾಲುಗಳಲ್ಲಿ. ಆಗ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ‘ಸ್ಟ್ರಾಬೆರಿ ಫೀಲ್ಡ್ಸ್’ ಬ್ಯಾಂಡ್ ಸ್ಪರ್ಧೆಯಿತ್ತು, ಸ್ವಾತಂತ್ರ್ಯ ದಿನದ ‘ಫ್ರೀಡಂ ಜಾಮ್’ ಇತ್ತು, 1993ರಲ್ಲಿ ಅಲಹಾಬಾದಿನಲ್ಲಿ ಶುರುವಾದ ‘ರಾಕ್ ಸ್ಟ್ರೀಟ್ ಜರ್ನಲ್’ ಪತ್ರಿಕೆ ಊರೂರಿನ ಬ್ಯಾಂಡ್‌ಗಳ ಸುದ್ದಿ ಮುಟ್ಟಿಸುತ್ತಿತ್ತು. ಇನ್ನರ್ ಸ್ಯಾಂಕ್ಟಮ್, ಥಿಯರೈಸ್ಡ್, ನಿಧಾನಗತಿಯ ಭಾರದ ಸಂಗೀತ ನುಡಿಸುವ ಬೇವರ್ ಸೀ, ಎಲ್ಲವೂ ಈ ಮಣ್ಣಿನವು. 2012ರಲ್ಲಿ ‘ಬೆಂಗಳೂರ್ ಓಪನ್ ಏರ್’ ಉತ್ಸವ ಶುರುವಾದಾಗ, ಜರ್ಮನಿಯ ಕ್ರಿಯೇಟರ್‌ನಂಥ ಹಿರಿಯರ ಜೊತೆ ವೇದಿಕೆ ಏರಲು ಇಲ್ಲಿ ಬ್ಯಾಂಡ್‌ಗಳು ಸಿದ್ಧವಾಗಿದ್ದವು. ಇವುಗಳಲ್ಲಿ ನನಗೆ ಹೆಚ್ಚು ಮುಖ್ಯವೆನಿಸುವುದು ‘ದ್ವೇಷ’. ಮೂವರ ಈ ಬ್ಯಾಂಡ್ ಡೆತ್ ಮೆಟಲ್ ಹಾಡುವುದು ಕನ್ನಡದಲ್ಲಿ. 2014ರಲ್ಲಿ ಬಂದ ಅವರ ‘ಸ್ತೂಪ’ ಆಲ್ಬಂನಲ್ಲಿ ಉಗ್ರನರಸಿಂಹನಿದ್ದಾನೆ, ಹೊಯ್ಸಳರ ಸಳನ ಕಥೆಯ ನೆರಳಿದೆ. ಅದನ್ನು ಹೊರತಂದದ್ದು ಜರ್ಮನಿಯ ಸಣ್ಣ ಸಂಸ್ಥೆ. ಕನ್ನಡದ ಹಾಡು ಯಾವ ಸಿನಿಮಾದ ಹಂಗೂ ಇಲ್ಲದೆ, ಯಾವ ಅಕಾಡೆಮಿಯ ನೆರವೂ ಇಲ್ಲದೆ, ಭಾಷೆ ತಿಳಿಯದ ಯುರೋಪಿನ ಕೇಳುಗನ ಕಪಾಟು ಸೇರಿದ್ದನ್ನು ನಮ್ಮ ಸಾಂಸ್ಕೃತಿಕ ಲೋಕ ಗಮನಿಸಲೇ ಇಲ್ಲ ಎಂಬುದು ಬೇಸರದ ಸಂಗತಿ.

ಅದೇ ಬೆಂಗಳೂರು ಇನ್ನೊಂದು ಪಾಠವನ್ನೂ ಕಲಿಸುತ್ತದೆ. ಅಲ್ಲಿನ ಸಣ್ಣ ವೇದಿಕೆಗಳಲ್ಲಿ ಹೆಚ್ಚಿನವು ಮದ್ಯ ಮಾರುವ ಜಾಗಗಳಾಗಿದ್ದವು. ಸಾರ್ವಜನಿಕ ಮನರಂಜನೆಯ ತಾಣಗಳಿಗೆ ಪೊಲೀಸ್ ಪರವಾನಗಿ ಕಡ್ಡಾಯ ಮಾಡುವ ಆದೇಶ ಬೆಂಗಳೂರು ನಗರಕ್ಕೆ 2005ರಲ್ಲಿ ಬಂತು. ‘ಲೈವ್ ಬ್ಯಾಂಡ್’ ಹೆಸರಿನ ಕುಣಿತದ ಬಾರ್‌ಗಳನ್ನು ಹತೋಟಿಗೆ ತರುವುದು ಅದರ ಮುಖ್ಯ ಉದ್ದೇಶ. ಸುಪ್ರೀಂ ಕೋರ್ಟ್ 2018ರ ಜನವರಿಯಲ್ಲಿ ಅದನ್ನು ಎತ್ತಿಹಿಡಿದ ಮೇಲೆ ಗಿಟಾರು ನುಡಿಸುವ ಪಬ್ಬುಗಳಲ್ಲೂ ಸಂಗೀತ ನಿಂತಿತು. ಕುಣಿತದ ಬಾರಿಗೂ ಮೆಟಲ್ ಬ್ಯಾಂಡಿಗೂ ಸಂಬಂಧವಿಲ್ಲ, ಆದರೆ ಎರಡೂ ಒಂದೇ ಬಗೆಯ ಪರವಾನಗಿಯ ಅಡಿ ಬಂದವು. ಬಾರಿಗೆ ಕಟ್ಟಿಹಾಕಿದ ಸಂಗೀತ ಬಾರಿನ ಜೊತೆಗೇ ಬೀಳುತ್ತದೆ. ಅಷ್ಟೇ ಅಲ್ಲ, ಬಾರಿನೊಳಗೆ ಪಿಯುಸಿ ಓದುವವರಿಗೆ ಪ್ರವೇಶವಿಲ್ಲ; ಈ ಸಂಗೀತ ಮನುಷ್ಯನನ್ನು ಹಿಡಿಯುವುದೇ ಆ ವಯಸ್ಸಿನಲ್ಲಿ.

ಹಾರ್ಡ್‌ಕೋರ್ ಹುಟ್ಟಿದ ಊರುಗಳಿಗೆ ಈ ತೊಡಕು ನಲವತ್ತು ವರ್ಷದ ಹಿಂದೆಯೇ ಎದುರಾಗಿತ್ತು. ವಾಷಿಂಗ್ಟನ್ನಿನ ಕಿರಿಯರು ಕ್ಲಬ್ಬುಗಳೊಡನೆ ಒಂದು ಒಪ್ಪಂದಕ್ಕೆ ಬಂದರು: ಕುಡಿಯುವ ವಯಸ್ಸಾಗದವರ ಕೈಹಿಂಬದಿಗೆ ಮಾರ್ಕರ್‌ನಲ್ಲಿ ಕತ್ತರಿ ಗುರುತು ಹಾಕಿ ಒಳಗೆ ಬಿಡಿ, ಅವರಿಗೆ ಮದ್ಯ ಕೊಡಬೇಡಿ. ಮುಂದೆ ಮೈನರ್ ಥ್ರೆಟ್ ಬ್ಯಾಂಡಿನ ಸುತ್ತ, ಕುಡಿತವನ್ನೂ ಮಾದಕ ದ್ರವ್ಯವನ್ನೂ ತಾವಾಗಿ ನಿರಾಕರಿಸುವ ಯುವಕರ ಗುಂಪೇ ಬೆಳೆಯಿತು. ನಿಷೇಧದ ಗುರುತನ್ನು ಅವರು ಹೆಮ್ಮೆಯ ಗುರುತಾಗಿ ತೊಟ್ಟರು. ನ್ಯೂಯಾರ್ಕಿನ ಸಿಬಿಜಿಬಿ ಕ್ಲಬ್ ಎಂಬತ್ತರ ದಶಕದಲ್ಲಿ ಭಾನುವಾರ ಮಧ್ಯಾಹ್ನಗಳನ್ನು ಹಾರ್ಡ್‌ಕೋರ್‌ಗೆ ಬಿಟ್ಟುಕೊಟ್ಟಿತು. ಶಾಲೆಯ ಹುಡುಗರು ಊಟ ಮಾಡಿ ಬಂದು, ಮೂರ್ನಾಲ್ಕು ಬ್ಯಾಂಡ್ ಕೇಳಿ, ಕತ್ತಲಾಗುವ ಮುನ್ನ ಮನೆಗೆ ಹೋಗುತ್ತಿದ್ದರು. ಆ ಮಧ್ಯಾಹ್ನಗಳು ದಶಕದ ಕೊನೆಗೆ ಹೊಡೆದಾಟದಿಂದಾಗಿಯೇ ನಿಂತವು ಎಂಬುದನ್ನು ಮುಚ್ಚಿಡಬಾರದು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಹೊಡೆದಾಟಕ್ಕೆ ಬೇಸತ್ತವರು 1990ರ ಆಸುಪಾಸಿನಲ್ಲಿ ಅದೇ ಊರಿನ ಎಬಿಸಿ ನೋ ರಿಯೋ ಎಂಬ ಜಾಗದಲ್ಲಿ ಶನಿವಾರದ ಮಧ್ಯಾಹ್ನಗಳನ್ನು ಶುರು ಮಾಡಿದರು. ಜನಾಂಗದ್ವೇಷ, ಹೆಣ್ಣಿನ ಅವಹೇಳನ ಹಾಡುವ ಬ್ಯಾಂಡ್‌ಗಳಿಗೆ ಅಲ್ಲಿ ವೇದಿಕೆ ಇಲ್ಲ ಎಂಬ ನಿಯಮದೊಂದಿಗೆ. ಬರ್ಕ್ಲಿಯ ಗಿಲ್ಮನ್ ಬೀದಿಯ 924ನೇ ನಂಬರಿನ ಗೋದಾಮು 1986ರ ಡಿಸೆಂಬರ್ 31ರಂದು ಬಾಗಿಲು ತೆರೆಯಿತು: ಮದ್ಯವಿಲ್ಲ, ಮಾದಕವಿಲ್ಲ, ಹೊಡೆದಾಟವಿಲ್ಲ, ವಯಸ್ಸಿನ ಕಟ್ಟಿಲ್ಲ, ನಡೆಸುವವರು ಸ್ವಯಂಸೇವಕರು. ಲೋಕವಿಖ್ಯಾತ ಗ್ರೀನ್ ಡೇ ಬ್ಯಾಂಡ್ ಕೈ ಪಳಗಿಸಿಕೊಂಡದ್ದು ಅಲ್ಲಿ. ವಾಷಿಂಗ್ಟನ್ನಿನ ಫುಗಾಜಿ ಬ್ಯಾಂಡ್, ಎದುರಿನ ಗುಂಪಿನಲ್ಲಿ ಯಾರಾದರೂ ಬೇರೆಯವರನ್ನು ಗುದ್ದಲು ತೊಡಗಿದರೆ ಹಾಡು ನಿಲ್ಲಿಸಿ, ಟಿಕೆಟಿನ ಐದು ಡಾಲರ್ ಕೈಗಿಟ್ಟು ಹೊರಗೆ ಕಳಿಸುತ್ತಿತ್ತು. ಜಾಗ ಕೆಟ್ಟದ್ದಕ್ಕೂ ಉಳಿದದ್ದಕ್ಕೂ ಅದರ ನಿಯಮವೇ ಕಾರಣ, ಸಂಗೀತದ ವೇಗವಲ್ಲ ಎನ್ನಲು ಇಷ್ಟು ಉದಾಹರಣೆ ಸಾಕು.

ಬಿಜೈಯೇ ಏಕೆ? ಮೊದಲ ಕಾರಣ ಬಸ್ ನಿಲ್ದಾಣ. ಬೆಂಗಳೂರಿನ ಬ್ಯಾಂಡ್ ಶನಿವಾರ ರಾತ್ರಿ ಸುಮಾರು 350 ಕಿಲೋಮೀಟರ್ ದೂರದ ಬಸ್ಸು ಹತ್ತಿದರೆ ಬೆಳಿಗ್ಗೆ ಬಿಜೈಯಲ್ಲಿ ಇಳಿಯುತ್ತದೆ. ಸಂಜೆ ಏಳಕ್ಕೆ ಕಾರ್ಯಕ್ರಮ ಮುಗಿದರೆ ಅಂದಿನ ರಾತ್ರಿಯ ಬಸ್ಸೇ ಹಿಡಿದು ಸೋಮವಾರ ಕೆಲಸಕ್ಕೆ ಹಾಜರಾಗಬಹುದು. ನಮ್ಮ ಬಹುತೇಕ ಮೆಟಲ್ ಸಂಗೀತಗಾರರು ಹಗಲು ಬೇರೆ ಉದ್ಯೋಗ ಮಾಡುವವರಾದ್ದರಿಂದ ಇದು ಸಣ್ಣ ವಿಷಯವಲ್ಲ. ಹೋಟೆಲ್ ಬಾಡಿಗೆ ಉಳಿಯುತ್ತದೆ, ಡ್ರಮ್ ಸೆಟ್ ಹೊತ್ತು ತರುವ ಪಾಡಿಲ್ಲ, ಗಿಟಾರು ಹೆಗಲಿಗೇರಿಸಿ ನಡೆದೇ ಹಾಲು ಸೇರಬಹುದು. ಎರಡನೆಯದು ರೈಲು. ಕೊಂಕಣ ರೈಲ್ವೆ ಬಂದ ಮೇಲೆ ಮಂಗಳೂರು ಗೋವಾಕ್ಕೂ ಕೇರಳಕ್ಕೂ ನಡುವಿನ ಊರು. ಕೊಚ್ಚಿಯಲ್ಲಿ ನುಡಿಸಿ ಗೋವಾಕ್ಕೆ ಹೋಗುವ ಬ್ಯಾಂಡ್ ಇಲ್ಲಿ ಇಳಿಯದೆ ದಾಟಿ ಹೋಗುವುದು ನಮ್ಮ ನಷ್ಟ. ಮೇಳಗಳ ತಿರುಗಾಟ ಊರಿಂದೂರಿಗೆ ಹತ್ತಿರದ ಕ್ಯಾಂಪು ಹಿಡಿದು ಸಾಗುವಂತೆ ಬ್ಯಾಂಡಿನ ತಿರುಗಾಟಕ್ಕೂ ನಡುವೆ ತಂಗುದಾಣ ಬೇಕು. ಮೂರನೆಯದು ಬಡಾವಣೆಯ ಗುಣ. ಸಂತ ಫ್ರಾನ್ಸಿಸ್ ಕ್ಸೇವಿಯರ್ ಇಗರ್ಜಿ, ಲೂರ್ಡ್ಸ್ ಶಾಲೆ, 1960ರಿಂದ ತೆರೆದಿರುವ ಶ್ರೀಮಂತಿ ಬಾಯಿ ಸ್ಮಾರಕ ವಸ್ತುಸಂಗ್ರಹಾಲಯ, ಮಾಲು, ಮಾರುಕಟ್ಟೆ, ಕೂಗಳತೆಯಲ್ಲಿ ಲಾಲ್‌ಬಾಗಿನ ಮಹಾನಗರ ಪಾಲಿಕೆ ಕಚೇರಿ. ಮನೆ, ವ್ಯಾಪಾರ, ಸಂಸ್ಥೆ ಮೂರೂ ಬೆರೆತ ಜಾಗ ಇದು. ತಂದೆ ತಾಯಿ ಮಗಳನ್ನು ಬಿಟ್ಟು, ಕೆಲಸ ಮುಗಿಸಿಕೊಂಡು, ಮತ್ತೆ ಬಂದು ಕರೆದೊಯ್ಯಬಹುದಾದ ಜಾಗ.

ನಾಲ್ಕನೆಯ ಕಾರಣ ಊರಿನ ಕಿವಿ. ಇಗರ್ಜಿಯ ಗಾಯನವೃಂದದಲ್ಲಿ ಕೀಬೋರ್ಡು, ಗಿಟಾರು ಕಲಿತ ಮಕ್ಕಳು ಇಲ್ಲಿ ಮನೆಮನೆಯಲ್ಲಿದ್ದಾರೆ. ಮದುವೆಯ ಮುನ್ನಾದಿನದ ರೋಸ್ ಶಾಸ್ತ್ರಕ್ಕೂ ಮದುವೆಗೂ ಬ್ರಾಸ್ ಬ್ಯಾಂಡ್ ಕರೆಸುವ ಊರು ಇದು. ಟಿಕೆಟ್ ಕೊಂಡು ಕೊಂಕಣಿ ಗಾಯಕ ವಿಲ್ಫಿ ರೆಬಿಂಬಸರ ‘ವಿಲ್ಫಿ ನೈಟ್’ಗೆ ಹೋಗುವ ಅಭ್ಯಾಸ 1970ರ ದಶಕದಿಂದ ಇತ್ತು. ಎರಿಕ್ ಒಝೇರಿಯೊ 1986ರಲ್ಲಿ ಕಟ್ಟಿದ ಮಾಂಡ್ ಸೊಭಾಣ್ ಸಂಸ್ಥೆ 2008ರ ಜನವರಿಯಲ್ಲಿ ನಲವತ್ತು ಗಂಟೆ ಎಡೆಬಿಡದೆ ಕೊಂಕಣಿ ಹಾಡಿಸಿ ಗಿನ್ನೆಸ್ ದಾಖಲೆ ಬರೆಯಿತು. ಅದಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಅದೇ ಸಂಸ್ಥೆ ಶಕ್ತಿನಗರದ ಕಲಾಂಗಣದಲ್ಲಿ 2002ರಿಂದ ತಿಂಗಳ ಮೊದಲ ಭಾನುವಾರ ತಪ್ಪದೆ ನಡೆಸಿಕೊಂಡು ಬಂದಿರುವ ರಂಗಪ್ರದರ್ಶನ. ಸಣ್ಣ ಭಾಷೆಯ ಸಣ್ಣ ಪ್ರೇಕ್ಷಕವೃಂದ, ನಿಗದಿತ ದಿನ, ನಿಗದಿತ ಜಾಗ. ಇಷ್ಟರ ಬಲದ ಮೇಲೆ ಇನ್ನೂರೈವತ್ತಕ್ಕೂ ಹೆಚ್ಚು ಪ್ರದರ್ಶನಗಳು ಈ ಊರಲ್ಲೇ ನಡೆದಿವೆ. ಮೆಟಲ್ ಕೇಳುವವರು ಬೆರಳೆಣಿಕೆ, ಅವರಿಗೇಕೆ ಇದೆಲ್ಲ ಎನ್ನುವವರಿಗೆ ಉತ್ತರ ಕಲಾಂಗಣದಲ್ಲಿದೆ.

ಇದು ಪರದೇಶದ ಸಂಗೀತ, ನಮ್ಮ ನೆಲದ್ದಲ್ಲ ಎಂಬುದು ಮೊದಲು ಬರುವ ಆಕ್ಷೇಪ. ಇದಕ್ಕೆ ಸುಲಭವಾದ ಒಂದು ಉತ್ತರ ಚಲಾವಣೆಯಲ್ಲಿದೆ: ಭೂತಕೋಲದಲ್ಲೂ ಅಬ್ಬರವಿದೆ, ಬೆಂಕಿಯಿದೆ, ಆವೇಶವಿದೆ, ಆದ್ದರಿಂದ ಮೆಟಲ್ ನಮ್ಮದೇ ಎಂದು. ಈ ಉತ್ತರ ನನಗೆ ಒಪ್ಪಿಗೆಯಿಲ್ಲ. ಕೋಲ ಆರಾಧನೆ, ಅಲ್ಲಿ ದೈವ ನುಡಿ ಕೊಡುತ್ತದೆ, ಕುಟುಂಬದ ತಕರಾರು ತೀರ್ಮಾನವಾಗುತ್ತದೆ, ಕಟ್ಟುವವರ ಕುಲಕ್ಕೆ ಅದು ಕರ್ತವ್ಯ. ಟಿಕೆಟ್ ಹರಿದು ಒಳಹೋಗುವ ಕಾರ್ಯಕ್ರಮಕ್ಕೆ ಅದರ ಗೌರವವನ್ನು ಎರವಲು ತರುವುದು ತಪ್ಪು. ಸರಿಯಾದ ಉತ್ತರ ಬೇರೆ ಇದೆ. ಹಾರ್ಮೋನಿಯಂ ಯುರೋಪಿನದು, ಪಿಟೀಲು ಯುರೋಪಿನದು. ನುಡಿಸುತ್ತಾ ನುಡಿಸುತ್ತಾ ಅವು ನಮ್ಮವಾದವು. ಮೆಟಲ್ ಎಲ್ಲೆಲ್ಲಿ ಬೇರು ಬಿಟ್ಟಿದೆಯೋ ಅಲ್ಲೆಲ್ಲ ಊರಿನ ಸರಕನ್ನು ಹೀರಿಕೊಂಡಿದೆ. ನಮ್ಮ ಪಕ್ಕದ ಕಣ್ಣೂರು ಸೀಮೆಯ ಹುಡುಗರ ‘ದ ಡೌನ್ ಟ್ರಾಡೆನ್ಸ್’ ಬ್ಯಾಂಡಿನ 2014ರ ಆಲ್ಬಂನಲ್ಲಿ ಮಲಬಾರಿನ ಜನಪದದ ತಾಳ ಮತ್ತು ತೆಯ್ಯಂ ನಾಡಿನ ನೆನಪುಗಳಿವೆ. ‘ದ್ವೇಷ’ದ ಕನ್ನಡ ಇದೆ. ತುಳುವಿನಲ್ಲಿ, ಬ್ಯಾರಿಯಲ್ಲಿ, ಕೊಂಕಣಿಯಲ್ಲಿ ಗುಡುಗುವ ಹಾಡು ಹೇಗಿದ್ದೀತು ಎಂದು ತಿಳಿಯಲು, ನುಡಿಸಿ ನೋಡುವ ಜಾಗವಲ್ಲದೆ ಬೇರೆ ದಾರಿಯಿಲ್ಲ. ತಾಸೆಯ ಪೆಟ್ಟಿಗೆ ಹುಲಿವೇಷದವರ ಹೆಜ್ಜೆ ಬಿದ್ದದ್ದನ್ನು ಎಳವೆಯಿಂದ ಕೇಳಿದ ಡ್ರಮ್ಮರ್‌ನ ಕೈಯಲ್ಲಿ ಏನಿರುತ್ತದೆಂದು ಕೇಳುವ ಆಸೆ ನನಗಂತೂ ಇದೆ.

ಎರಡನೆಯ ಆಕ್ಷೇಪ ಇನ್ನೂ ಗಂಭೀರ: ಇದು ಸಿಟ್ಟು ಕೆರಳಿಸುತ್ತದೆ, ಸೈತಾನನ ಹಾಡು, ಮಕ್ಕಳು ಕೆಡುತ್ತಾರೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಲಿಯಾ ಶರ್ಮನ್ ಮತ್ತು ಜೆನೆವೀವ್ ಡಿಂಗಲ್ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 39 ಮಂದಿ ಕೇಳುಗರಿಗೆ ಮೊದಲು ಸಿಟ್ಟು ಬರುವ ಸಂಗತಿಗಳನ್ನು ನೆನಪಿಸಿ ಮಾತಾಡಿಸಲಾಯಿತು. ಆಮೇಲೆ ಕೆಲವರಿಗೆ ಅವರದೇ ಆಯ್ಕೆಯ ಮೆಟಲ್, ಉಳಿದವರಿಗೆ ಮೌನ. ಮೆಟಲ್ ಕೇಳಿದವರ ಸಿಟ್ಟು ಏರಲಿಲ್ಲ. ಮೌನದಲ್ಲಿ ಕೂತವರಷ್ಟೇ ಇಳಿಯಿತು, ಜೊತೆಗೆ ಚೈತನ್ಯ ಬಂದಂತಾಯಿತೆಂದು ಅವರು ಹೇಳಿಕೊಂಡರು. 39 ಸಣ್ಣ ಸಂಖ್ಯೆ, ಅವರೆಲ್ಲ ಮೊದಲೇ ಈ ಸಂಗೀತ ಇಷ್ಟಪಡುವವರು. ಬಲವಂತವಾಗಿ ಕೇಳಿಸಿಕೊಳ್ಳುವ ನೆರೆಮನೆಯವರ ಸಿಟ್ಟಿನ ಬಗ್ಗೆ ಈ ಅಧ್ಯಯನ ಏನನ್ನೂ ಹೇಳುವುದಿಲ್ಲ, ಅದಕ್ಕೆ ಮುಂದೆ ಬರುತ್ತೇನೆ. ಕೇಳುಗರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುವ ಮಾಶ್ ಪಿಟ್ ಎಂಬುದು ನೋಡುವವರಿಗೆ ಕಾದಾಟದಂತೆ ಕಾಣುವುದು ನಿಜ. ಕಾರ್ನೆಲ್ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು 2013ರಲ್ಲಿ ಅದರ ವಿಡಿಯೊಗಳನ್ನು ಅಳೆದು, ಆ ಗುಂಪಿನ ಚಲನೆ ಅನಿಲದ ಕಣಗಳ ಅಡ್ಡಾದಿಡ್ಡಿ ಓಟವನ್ನು ಹೋಲುತ್ತದೆಂದು ತೋರಿಸಿದರು. ಯಾರೊಬ್ಬರ ಮೇಲೂ ಗುರಿಯಿಲ್ಲದ ಡಿಕ್ಕಿ ಅದು. ಬಿದ್ದವರನ್ನು ಕೂಡಲೇ ಎತ್ತಬೇಕು ಎಂಬುದು ಆ ವೃತ್ತದ ಮೊದಲ ನಿಯಮ. ಇನ್ನು ಸೈತಾನನ ಮಾತು: ಇಗರ್ಜಿಯ ಒತ್ತಡದಿಂದ 1992ರಲ್ಲಿ ಚಿಲಿ ದೇಶ ಐರನ್ ಮೇಡನ್‌ಗೆ ಬಾಗಿಲು ಮುಚ್ಚಿತ್ತು, 2011ರಲ್ಲಿ ಅದೇ ಚಿಲಿಯ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ಅದೇ ಬ್ಯಾಂಡ್ ತನ್ನ ಲೈವ್ ಆಲ್ಬಂ ಧ್ವನಿಮುದ್ರಿಸಿತು. ನಡುವಿನ ಹತ್ತೊಂಬತ್ತು ವರ್ಷದಲ್ಲಿ ಚಿಲಿ ಧರ್ಮವನ್ನೇನೂ ಬಿಟ್ಟುಕೊಡಲಿಲ್ಲ. ಕ್ರೈಸ್ತರೇ ಬಹುಸಂಖ್ಯಾತರಾದ ಮೇಘಾಲಯದ ಶಿಲ್ಲಾಂಗಿನಿಂದ ಬಂದ ಡೆತ್ ಮೆಟಲ್ ಬ್ಯಾಂಡ್ ಪ್ಲೇಗ್ ಥ್ರೋಟ್ 2014ರಲ್ಲಿ ವಾಕೆನ್ ತಲುಪಿತು. ಬಿಜೈ ಇಗರ್ಜಿಯ ಭಾನುವಾರದ ಪೂಜೆಯ ಹೊತ್ತಿಗೂ ಮಧ್ಯಾಹ್ನ ಮೂರು ಗಂಟೆಯ ಬ್ಯಾಂಡಿಗೂ ಜಗಳವಾಗಬೇಕಾದ್ದಿಲ್ಲ.

ಸದ್ದಿನ ಆಕ್ಷೇಪಕ್ಕೆ ಮಾತಿನ ಉತ್ತರ ಸಾಲದು, ಗೋಡೆಯ ಉತ್ತರ ಬೇಕು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ವಾಣಿಜ್ಯ ಪ್ರದೇಶಕ್ಕೆ 65 ಮತ್ತು 55. ಆಸ್ಪತ್ರೆ, ಶಾಲೆ, ನ್ಯಾಯಾಲಯದ ಸುತ್ತ ನೂರು ಮೀಟರ್ ನಿಶ್ಶಬ್ದ ವಲಯ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಲ್ಲಿ ಧ್ವನಿವರ್ಧಕ ಕೂಡದು. ಈ ನಿಯಮ ಎಷ್ಟು ಗಟ್ಟಿ ಎಂದು ಕರಾವಳಿಗೆ ಗೊತ್ತು: 2022ರ ತಿರುಗಾಟದಲ್ಲಿ ಕಟೀಲು ಮೇಳಗಳೇ ಇಡೀ ರಾತ್ರಿಯ ಆಟ ಬಿಟ್ಟು ಕಾಲಮಿತಿಗೆ ಹೊರಳಬೇಕಾಯಿತು. ಹರಕೆಯ ಆಟಕ್ಕೆ ಆಗ ಸಿಗದ ರಿಯಾಯಿತಿಯನ್ನು ಮೆಟಲ್ ಕೇಳುವುದು ನ್ಯಾಯವಲ್ಲ. ಆದ್ದರಿಂದಲೇ ಮಧ್ಯಾಹ್ನ, ಆದ್ದರಿಂದಲೇ ಮುಚ್ಚಿದ ಹಾಲು. ಮನರಂಜನಾ ತಾಣಗಳೊಳಗೆ ಹದಿನೈದು ನಿಮಿಷದ ಸರಾಸರಿ 100 ಡೆಸಿಬೆಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಆ ಮಿತಿಯಲ್ಲೂ ಈ ಸಂಗೀತ ಎದೆ ತುಂಬುತ್ತದೆ, ಬಾಗಿಲಲ್ಲಿ ಹತ್ತಿಪ್ಪತ್ತು ರೂಪಾಯಿಯ ಇಯರ್‌ಪ್ಲಗ್ ಕೊಟ್ಟರೆ ಕಿವಿಯೂ ಉಳಿಯುತ್ತದೆ. ಒಳಗೆ 100, ಹೊರಗೆ 55 ಎಂದರೆ ನಡುವೆ 45 ಡೆಸಿಬೆಲ್ ತಡೆಯಬೇಕು. ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ಅಷ್ಟನ್ನು ತಡೆಯಬಲ್ಲದು; ತಡೆಯಲಾರದ್ದು ಕಿಟಕಿ, ಬಾಗಿಲಿನ ಸಂದು, ಗಾಳಿಗೂಡು, ಮತ್ತು ನಮ್ಮ ಹೆಮ್ಮೆಯ ಮಂಗಳೂರು ಹೆಂಚಿನ ಮಾಡು. ಅದರಲ್ಲೂ ಬೇಸ್ ಗಿಟಾರಿನ ತಗ್ಗು ಸ್ವರ ಎಲ್ಲಿಂದಾದರೂ ನುಸುಳುತ್ತದೆ. ಹೆಂಚಿನ ಹಳೆಯ ಹಾಲುಗಳು ಹಾಗಾಗಿ ಇದಕ್ಕಲ್ಲ. ಕಾಂಕ್ರೀಟ್ ಛಾವಣಿಯ, ಎಸಿ ಇರುವ, ಶಾಲೆಯಿಂದ ನೂರು ಮೀಟರಿನಾಚೆಗಿನ, ರಸ್ತೆ ಬದಿಯ ವಾಣಿಜ್ಯ ಕಟ್ಟಡದ ಹಾಲೇ ಆಗಬೇಕು. ಎರಡು ಪದರದ ಬಾಗಿಲು ಹಾಕಿಸಬೇಕು.

ಸದ್ದು ತಡೆಯುವ ಆತುರದಲ್ಲಿ ಮಾಡುವ ಒಂದು ತಪ್ಪು ಪ್ರಾಣ ತೆಗೆಯುತ್ತದೆ. 2015ರ ಅಕ್ಟೋಬರ್ 30ರಂದು ರುಮೇನಿಯಾದ ಬುಕಾರೆಸ್ಟಿನ ಕೊಲೆಕ್ಟಿವ್ ಕ್ಲಬ್ಬಿನಲ್ಲಿ ಮೆಟಲ್ ಬ್ಯಾಂಡ್ ನುಡಿಸುತ್ತಿದ್ದಾಗ ಬಾಣಬಿರುಸಿನ ಕಿಡಿ ಗೋಡೆಯ ಫೋಮಿಗೆ ತಗುಲಿ ಹೊತ್ತಿದ ಬೆಂಕಿ 64 ಜೀವ ತೆಗೆಯಿತು. 2003ರಲ್ಲಿ ಅಮೆರಿಕದ ರೋಡ್ ಐಲೆಂಡಿನ ಸ್ಟೇಷನ್ ಕ್ಲಬ್ಬಿನಲ್ಲಿ ಅದೇ ರೀತಿ ಫೋಮು ಹೊತ್ತಿ 100 ಮಂದಿ ಸತ್ತರು. ಹತ್ತಿರದ ಉದಾಹರಣೆಗಳೂ ಇವೆ: 2023ರ ನವೆಂಬರ್‌ನಲ್ಲಿ ಕೊಚ್ಚಿ ವಿಶ್ವವಿದ್ಯಾಲಯದ ಉತ್ಸವದಲ್ಲಿ ಸಂಗೀತ ಶುರುವಾಗುವ ಮೊದಲೇ ನಾಲ್ವರು, 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಹನ್ನೊಂದು ಮಂದಿ ಕಾಲ್ತುಳಿತಕ್ಕೆ ಬಲಿಯಾದರು. ಮೊದಲೆರಡು ಕಡೆ ಕೊಂದದ್ದು ಫೋಮು ಮತ್ತು ಸಾಲದ ಬಾಗಿಲು, ಕೊನೆಯೆರಡು ಕಡೆ ಎಣಿಸದೆ ಬಿಟ್ಟ ಜನ. ಇನ್ನೂರು ಟಿಕೆಟಿಗೆ ಮುದ್ರೆ ಒತ್ತಿ ಇನ್ನೂರೊಂದನೆಯವರನ್ನು ವಾಪಸು ಕಳಿಸುವ ಗಟ್ಟಿತನ, ಬೀಗವಿಲ್ಲದ ಎರಡು ನಿರ್ಗಮನ, ಗೋಡೆಗೆ ಉರಿಯದ ರಾಕ್‌ವೂಲ್, ಪಟಾಕಿಗೆ ಪೂರ್ಣ ನಿಷೇಧ; ಇವಿಲ್ಲದ ಕಾರ್ಯಕ್ರಮವನ್ನು ನಾನೂ ವಿರೋಧಿಸುತ್ತೇನೆ.

ಮಂಗಳೂರಿನಲ್ಲಿ ಇನ್ನೊಂದು ಭಯದ ಬಗ್ಗೆ ಮಾತಾಡದೆ ಇರಲಾಗದು. 2009ರ ಜನವರಿ 24ರಂದು ಪಬ್ಬಿನಲ್ಲಿದ್ದ ಹೆಣ್ಣುಮಕ್ಕಳ ಮೇಲೆ, 2012ರ ಜುಲೈ 28ರಂದು ಪಡೀಲಿನ ಹೋಂಸ್ಟೇಯಲ್ಲಿ ಹುಟ್ಟುಹಬ್ಬ ಆಚರಿಸುತ್ತಿದ್ದವರ ಮೇಲೆ ನಡೆದ ದಾಳಿಗಳು ಈ ಊರಿನ ಯುವಜನರ ನೆನಪಿನಲ್ಲಿವೆ. ಹಗಲು ಹೊತ್ತಿಗೆ, ಮದ್ಯವಿಲ್ಲದೆ ಎನ್ನುವುದು ಆ ದಾಳಿಕೋರರಿಗೆ ತಲೆಬಾಗಿದಂತಲ್ಲವೇ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದು. ವಯಸ್ಕರು ರಾತ್ರಿ ಎಲ್ಲಿ ಕೂತು ಏನು ಕುಡಿಯಬೇಕೆಂದು ಗುಂಪೊಂದು ನಿರ್ಧರಿಸಲು ಬಿಡಬಾರದು; ಆ ಹಕ್ಕು ಹಾಗೇ ಇರಲಿ. ಮಧ್ಯಾಹ್ನವನ್ನು ನಾನು ಕೇಳುತ್ತಿರುವುದು ಬೇರೆ ಲೆಕ್ಕದಿಂದ: ಹದಿನಾರರ ಹುಡುಗಿಗೆ, ರಾತ್ರಿ ಬಸ್ಸು ಹಿಡಿಯಬೇಕಾದ ವಾದಕನಿಗೆ, ಮೂಡುಬಿದಿರೆಯಿಂದಲೋ ಕಾಸರಗೋಡಿನಿಂದಲೋ ಬಂದು ಮರಳಬೇಕಾದ ಕೇಳುಗನಿಗೆ ಅದೇ ಹೊತ್ತು ಅನುಕೂಲ. ಹೆಣ್ಣುಮಕ್ಕಳು ಹಿಂದಿನ ಗೋಡೆಗೆ ಒರಗಿ ನಿಲ್ಲದೆ ಮುಂದಿನ ಸಾಲಿಗೆ ಬರುವಂತೆ ನೋಡಿಕೊಳ್ಳುವುದು ವೇದಿಕೆಯ ಮೇಲಿರುವವರ ಹೊಣೆ. ಪೋಷಕರಿಗೆ ಮಾದಕ ವಸ್ತುವಿನ ಆತಂಕವಿದ್ದರೆ ಅದನ್ನು ಹಳೆಕಾಲದವರ ಗೊಣಗಾಟವೆಂದು ತಳ್ಳಿಹಾಕಬಾರದು. ಅವರನ್ನೇ ಒಳಗೆ ಕರೆದು ಕೂರಿಸಬಹುದು.

ಕೊನೆಗೆ ದುಡ್ಡು. ಇನ್ನೂರು ಟಿಕೆಟು, ತಲಾ 300 ರೂಪಾಯಿ ಎಂದು ಇಟ್ಟುಕೊಂಡರೆ 60,000. ಹೊರಗಿನ ಎರಡು ಬ್ಯಾಂಡಿನ ಎಂಟು ಮಂದಿಗೆ ಬಸ್ಸು, ಊಟ ಸೇರಿ 20,000 ಇರಲಿ. ಸೌಂಡ್ ಸಿಸ್ಟಂ ಮತ್ತು ಡ್ರಮ್ ಸೆಟ್ ಬಾಡಿಗೆಗೆ ಇನ್ನೊಂದು 20,000. ಉಳಿದದ್ದರಲ್ಲಿ ಹಾಲಿನ ಬಾಡಿಗೆ, ಪರವಾನಗಿ ಶುಲ್ಕ, ಊರಿನ ಮೂರು ಬ್ಯಾಂಡಿಗೆ ಸ್ವಲ್ಪ ಸಂಭಾವನೆ. ಹಾಲಿನ ಬಾಡಿಗೆ ಏರಿದ ಕೂಡಲೇ ಈ ಲೆಕ್ಕ ಮುರಿದುಬೀಳುತ್ತದೆ. ಮದುವೆ ಹಂಗಾಮಿನಲ್ಲಿ ಇಂಥ ಕಾರ್ಯಕ್ರಮ ಯಾರಿಗೂ ಕಟ್ಟುವುದಿಲ್ಲ. ಆದರೆ ಕರಾವಳಿಯ ಪಂಚಾಂಗದಲ್ಲೇ ಅದಕ್ಕೆ ಜಾಗವಿದೆ. ಮೇ ಕೊನೆಯ ಪತ್ತನಾಜೆ ಕಳೆದರೆ ಮೇಳಗಳ ಗೆಜ್ಜೆ ಬಿಚ್ಚುತ್ತದೆ, ಕೋಲ ನೇಮಗಳಿಲ್ಲ, ಬಯಲಿನ ಯಾವ ಕಾರ್ಯಕ್ರಮಕ್ಕೂ ಮಳೆ ಬಿಡುವುದಿಲ್ಲ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆಟಿ ತಿಂಗಳಲ್ಲಿ ತುಳುವರ ಮದುವೆಗಳೂ ಇಲ್ಲ. ‘ಆಟಿಡೊಂಜಿ ದಿನ’ದ ಕೂಟಗಳನ್ನು ಬಿಟ್ಟರೆ ಹಾಲುಗಳು ಖಾಲಿ, ಬಾಡಿಗೆ ಮಾತಾಡಿದರೆ ಇಳಿಯುತ್ತದೆ. ಪಾಲಿಕೆಯಾಗಲಿ, ಬಿಜೈಯ ಖಾಸಗಿ ಹಾಲಿನ ಮಾಲೀಕರಾಗಲಿ ಆಟಿಯ ನಾಲ್ಕು ಭಾನುವಾರಗಳಲ್ಲಿ ಒಂದನ್ನು, ಮಧ್ಯಾಹ್ನ ಎರಡರಿಂದ ಏಳರವರೆಗೆ, ಕಡಿಮೆ ಬಾಡಿಗೆಗೆ ಕೊಟ್ಟು ನೋಡಲಿ. ಸದ್ದಳೆಯುವ ಮೀಟರನ್ನು ಆಯೋಜಕರೇ ಗೇಟಿನ ಬಳಿ ಇಟ್ಟು, ಅಂಕಿಗಳನ್ನು ಪೊಲೀಸರಿಗೂ ಪಕ್ಕದ ಮನೆಯವರಿಗೂ ತೋರಿಸಲಿ. ಅಂಕಿ 55 ದಾಟಿದರೆ ಮುಂದಿನ ವರ್ಷ ಬೇರೆ ಹಾಲು ಹುಡುಕಿದರಾಯಿತು.